ಕೊಕ್ಕರೆ ಅಂದ್ರ ಯಾರು?

ಉಪಮೆ, ರೂಪಕ, ಪ್ರಾಸ, ಮಾತ್ರೆ ಇವನ್ನೆಲ್ಲ ನಾನು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿಗೆಂದು ಇದ್ದಾಗ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು ಪಾಸಾದೆ. ಅವುಗಳ ದೆಸೆಯಿಂದ ಪೊಲೀಸರು ಸಾಲೆಯ ಬಾಗಿಲಿಗೆ ಬರಬಹುದೆಂದು ಮಾತ್ರ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಚಲೇಜಾವ್ ಚಳವಳಿಯ ಮರುವರ್ಷ ನನ್ನನ್ನು ಹಿರೇಕೆರೂರ ತಾಲೂಕಿನ ಒಂದು ಊರಿಗೆ ಹೆಣ್ಣುಮಕ್ಕಳ ಸಾಲೆಗೆ ಹಾಕಿದರು. ಮಾಸೂರು ದಾಟಿ ಬಂಡಿಯಲ್ಲಿ ಹೋಗಬೇಕು. ಊರಿಗೆ ಅಂಟಿಕೊಂಡು ಕೆರೆ, ಕೆರೆಯ ಕೆಳಗೆ ಗದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಚಾವಡಿಗಳಿಗೆ ಬೆಂಕಿ ಬಿದ್ದಿತ್ತು. ಬಿಳಿ ಟೊಪ್ಪಿಗೆ ಕಂಡರೆ ಹಿಡಿದೊಯ್ಯುವ ದಿನಗಳು ಅವು. ಜನ ಅಂಗಡಿಯ ಮುಂದೆಯೂ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

ಮೇಲಿನ ಇಯತ್ತೆಯಲ್ಲಿ ನಾಲ್ಕಾರು ಹುಡುಗಿಯರು. ಅವರಿಗೆ ಅಲಂಕಾರ ಕಲಿಸುವಾಗ ಪುಸ್ತಕದ ಚಂದ್ರಮುಖ, ಕಮಲನಯನ ಯಾವುದೂ ತಲೆಗೆ ಹತ್ತಲಿಲ್ಲ. ಪುಸ್ತಕ ಮುಚ್ಚಿ ಹೇಳಿದೆ: "ಅವ್ವನ ಅಂಗೈ ಕಲ್ಲಿನಂಗ ಐತಿ ಅಂದ್ರ ಉಪಮೆ. ಆ 'ಅಂಗ' ಅನ್ನೋದನ್ನ ತಗದು ಬಿಡ್ರಿ. ಅವ್ವನ ಅಂಗೈ ಕಲ್ಲು. ಇದು ರೂಪಕ."

ಹಿಂದೆ ಗೋಡೆಗೆ ಹತ್ತಿ ಕೂಡುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಗೌಡರ ಗದ್ದೆಯಲ್ಲಿ ಕೂಲಿ. "ಅಂಗೈ ಅನ್ನೋದನ್ನೂ ತಗದುಬಿಟ್ರರಿ, ಅಕ್ಕೋರ? ಬರೇ ಕಲ್ಲಿನ ಮಾತಷ್ಟಽ ಆಡಿದ್ರ?"

"ಅದಕ್ಕ ಅನ್ಯೋಕ್ತಿ ಅಂತಾರ. ಒಂದರ ನೆವ ಮಾಡಿ ಇನ್ನೊಂದನ್ನ ಹೇಳೋದು."

ಮರುದಿನ ಅವಳು ಪಾಟಿಯ ಮೇಲೆ ಎರಡು ಸಾಲು ಬರೆದು ತಂದಳು.

ಕೆರೆಯ ನೀರು ಬತ್ತಲೆಂದು ಕಾದ ಬಿಳಿಯ ಕೊಕ್ಕರೆ
ಮೀನು ಕೂಡಿ ತಿರುಗಿ ನಿಲ್ಲಲೆಲ್ಲಿ ನಿನಗೆ ಆಸರೆ

ಬೆರಳು ಮಡಚುತ್ತ ಎಣಿಸಿದೆ. ಮೂರು ಮೂರು ಮಾತ್ರೆಯ ಗಣ, ಎಲ್ಲೂ ತಪ್ಪಿರಲಿಲ್ಲ. ಆಮೇಲೆ ಅರ್ಥ ಹೊಳೆಯಿತು. ಬಿಳಿಯ ಕೊಕ್ಕರೆ ಎಂದರೆ ಆ ವರ್ಷ ಬಿಳಿಯರಲ್ಲದೆ ಇನ್ನಾರು? ಪಾಟಿಯನ್ನು ನಾನೇ ಒರೆಸಿದೆ. ಆದರೆ ಅಷ್ಟರಲ್ಲಿ ಉಳಿದವರು ಅದನ್ನು ರಾಗ ಹಾಕಿ ಕಲಿತುಬಿಟ್ಟಿದ್ದರು. ಅವರಲ್ಲಿ ಗೌಡರ ಮಗಳೂ ಒಬ್ಬಳು. ಗೌಡರು ಊರಿನ ಪೊಲೀಸ್ ಪಾಟೀಲರು. ಮಗಳು ಮನೆಯಲ್ಲಿ ಗುನುಗಿದ್ದನ್ನು ಕೇಳಿ ಅವರೇ ಹಿರೇಕೆರೂರಿಗೆ ವರದಿ ಕಳಿಸಿದರು.

ವಾರ ಕಳೆಯುವುದರೊಳಗೆ ಫೌಜದಾರ ಬಂದ. ಅವನೊಂದಿಗೆ ಸಾಲೆಗಳ ತಪಾಸಣೆಯ ಸಾಹೇಬರೂ ಇದ್ದರು. ಗೌಡರು ಬಿಳಿ ಧೋತರ, ಬಿಳಿ ರುಮಾಲಿನಲ್ಲಿ ಬಂದು ನನ್ನ ಖುರ್ಚಿಯಲ್ಲಿ ಕುಳಿತರು. ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತರು. ಫೌಜದಾರ ವರದಿಯಲ್ಲಿದ್ದ ಪದ್ಯವನ್ನು ಓದಿ ನನ್ನತ್ತ ತಿರುಗಿದ.

"ಇದನ್ನ ನೀವು ಕಲಿಸಿದ್ದೇನು?"

"ಕೆರಿ ಮ್ಯಾಲ ಕಂಡದ್ದನ್ನ ಬರೀರಿ ಅಂದಿದ್ದೆರಿ. ಅದು ಅಭ್ಯಾಸ."

"ಕೊಕ್ಕರಿ ಅಂದ್ರ ಯಾರು?"

"ಹಕ್ಕಿರಿ."

"ನನಗ ಕನ್ನಡಾ ಕಲಿಸಬ್ಯಾಡ್ರಿ. ಇದು ರೂಪಕ ಅಲ್ಲೇನು?"

ಕಲಿತ ವ್ಯಾಖ್ಯೆಯೊಂದೇ ಆಗ ನನ್ನ ಕೈಯಲ್ಲಿದ್ದ ಆಯುಧ. "ರೂಪಕ ಆಗಬೇಕಾದ್ರ ಎರಡೂ ಇರಬೇಕ್ರಿ. ಯಾರಿಗೆ ಹೋಲಿಸ್ಯಾರ ಅನ್ನೋದು ಪದ್ಯದಾಗ ಇರಬೇಕು. ಇಲ್ಲಿ ಬರೇ ಹಕ್ಕಿ ಐತಿ. ಮನಷ್ಯಾರು ಯಾರೂ ಇಲ್ಲ."

ಫೌಜದಾರ ಸಾಹೇಬರ ಮುಖ ನೋಡಿದ. ಅವರು ಸಂಸ್ಕೃತ ಓದಿದವರು. ಅನ್ಯೋಕ್ತಿ ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಪದ್ಯವನ್ನು ಮತ್ತೊಮ್ಮೆ ಓದಿದರು. ನನಗೆ ಊರಲ್ಲಿದ್ದ ಅಪ್ಪನ ಮುಖ ನೆನಪಾಯಿತು, ಚಳವಳಿಯವರನ್ನು ತುಂಬಿದ್ದ ಹಿಂಡಲಗಿಯ ಜೇಲೂ ನೆನಪಾಯಿತು.

"ಅಕ್ಕೋರು ಹೇಳೋದು ಬರೋಬರಿ ಅದ," ಎಂದರು ಕೊನೆಗೆ. "ಇದಕ್ಕ ಸ್ವಭಾವೋಕ್ತಿ ಅಂತಾರ. ಕಂಡದ್ದನ್ನ ಕಂಡಹಂಗ ಹೇಳೋದು."

ಫೌಜದಾರನಿಗೆ ಸಮಾಧಾನವಾಗಲಿಲ್ಲ. ಬರೆದವಳನ್ನು ಎದ್ದು ನಿಲ್ಲಿಸಿ ಅವಳ ಮುಖಕ್ಕೆ ಮುಖ ತಂದು ಕೇಳಿದ: "ನೀ ಹೇಳವಾ. ಕೊಕ್ಕರಿ ಯಾರು?"

ಅವಳು ಸುಳ್ಳು ಹೇಳುವವಳಲ್ಲ. ಅವಳು ಫೌಜದಾರನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಗೌಡರನ್ನು ನೋಡಿದಳು. ಹೆದರಿದ್ದಾಳೆ ಎಂದುಕೊಂಡೆ.

"ಕೊಕ್ಕರಿ ಅಂದ್ರ ಕೊಕ್ಕರೀನರಿ. ದಿನಾ ಕೆರಿ ಕಟ್ಟೀ ಮ್ಯಾಲ ಬಂದು ನಿಂದರತೈತ್ರಿ."

ಗೌಡರು ನಕ್ಕರು. ಫೌಜದಾರ ಬೈದುಕೊಳ್ಳುತ್ತ ಹೊರಗೆ ಹೋದ. ಸಾಹೇಬರು ಬಾಗಿಲಲ್ಲಿ ಒಂದು ಗಳಿಗೆ ನಿಂತು, "ನಾ ಏನು ಅಂದೆ ಅಂತ ನಿಮಗೂ ಗೊತ್ತದ, ನನಗೂ ಗೊತ್ತದ. ಇನ್ನ ಪುಸ್ತಕದಾಗ ಇದ್ದಷ್ಟಽ ಕಲಿಸ್ರಿ," ಎಂದು ಮೆಲ್ಲಗೆ ಹೇಳಿ ಹೋದರು.

ಸಾಲೆ ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. "ಇಂಗ್ರೇಜರ ಮ್ಯಾಲ ಹಂಗೆಲ್ಲಾ ಬರಿಯೂ ಹೊತ್ತಲ್ಲ ಇದು. ತಿಳೀತಿಲ್ಲೋ?"

ಅವಳು ಬೆರಗಾಗಿ ನೋಡಿದಳು. "ಇಂಗ್ರೇಜರನ್ನ ನಾ ಎಲ್ಲಿ ನೋಡೇನ್ರಿ, ಅಕ್ಕೋರ? ಅದು ಗೌಡ್ರು."

ಬೇಸಿಗೆಯಲ್ಲಿ ನೀರು ಇಳಿದಂತೆ ಕೆರೆಯಂಗಳ ತೆರೆದುಕೊಳ್ಳುತ್ತದೆ. ಕೂಲಿ ಹೆಂಗಸರು ಆ ಹಸಿ ಮಣ್ಣಿನಲ್ಲಿ ಸೌತೆ, ಹೆಸರು ಬಿತ್ತಿ ಎರಡು ತಿಂಗಳು ಹೊಟ್ಟೆ ಹೊರೆಯುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಗೌಡರು ಮೊಳೆತ ಬೆಳೆಯ ಮೇಲೆ ದನ ಬಿಡಿಸಿ, ಸುತ್ತ ಮುಳ್ಳುಬೇಲಿ ಹಾಕಿಸಿದ್ದರಂತೆ. ಈ ವರ್ಷವೂ ದಿನಾಲು ಕಟ್ಟೆಯ ಮೇಲೆ ಬಂದು ನಿಂತು ನೀರು ಎಷ್ಟು ಇಳಿಯಿತೆಂದು ನೋಡುತ್ತಿದ್ದರು. ಅವಳು ಒಂದೊಂದನ್ನೇ ಹೇಳುತ್ತ ಹೋದಂತೆ ನಾನು ಎದ್ದು ಸಾಲೆಯ ಬಾಗಿಲು ಮುಂದೆ ಮಾಡಿದೆ. ಸರಕಾರಕ್ಕೆ ಜೇಲು ಇತ್ತು, ಕಾಯಿದೆ ಇತ್ತು, ಬಿಡಿಸಿಕೊಂಡು ಬರಲು ವಕೀಲರಿದ್ದರು. ಗೌಡರು ಒಂದು ಮಾತು ಅಂದರೆ ಆ ತಾಯಿಗೆ ನಾಳೆಯ ಕೂಲಿಯೇ ಇಲ್ಲ.

"ಇದನ್ನ ಇನ್ಯಾರಿಗೆ ಹೇಳಿದಿ?"

"ಯಾರಿಗೂ ಇಲ್ರಿ. ನಮ್ಮವ್ವಗಷ್ಟಽ. ಆಕಿ ನನಗ ಬಡದ್ಳು."

ಅಂದು ಸಂಜೆಯೇ ಗೌಡರು ನನ್ನ ಮನೆಯ ಕಟ್ಟೆಯ ಮುಂದೆ ಬಂದು ನಿಂತರು. ನಾನು ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದೆ.

"ಸಾಹೇಬ್ರು ಇಂಗ್ರೇಜರ ಮ್ಯಾಲ ಅಲ್ಲ ಅಂದ್ರು," ಎಂದರು. "ಹಂಗಾರ ಯಾರ ಮ್ಯಾಲ, ಅಕ್ಕೋರ?"

"ಯಾರ ಮ್ಯಾಲೂ ಅಲ್ಲರಿ, ಗೌಡ್ರ."

"ಮೀನು ತಿರುಗಿ ನಿಲ್ಲತಾವಂತ. ಕೊಕ್ಕರೀಗೆ ಆಸರೆ ಇಲ್ಲಂತ. ಎಲ್ಲೀಗ್ಯಾದ್ರೂ ಹಾರಿ ಹೋಗೂ ಹಕ್ಕೀಗೆ ಯಾವ ಆಸರೆ ಬೇಕ್ರಿ?"

ಸಾಹೇಬರಿಗೂ ಹೊಳೆಯದ ಪ್ರಶ್ನೆಯನ್ನು ಗೌಡರು ಕೇಳಿದ್ದರು. ಹಾರಿಹೋಗಲಾರದೆ ಊರಲ್ಲೇ ಇರುವವರಿಗಷ್ಟೇ ಆಸರೆ ಬೇಕು. ಒಳಗೆ ಒಲೆಯ ಮೇಲಿನ ಅನ್ನ ಹೊತ್ತುವ ವಾಸನೆ ಬರುತ್ತಿತ್ತು, ಕದಲಲು ಧೈರ್ಯವಾಗಲಿಲ್ಲ.

"ಪ್ರಾಸರಿ," ಎಂದೆ. "ಕೊಕ್ಕರೆ, ಆಸರೆ. ಎರಡರ ಕಡೀಗೂ 'ರೆ' ಬರತೈತಲ್ಲರಿ, ಅದಕ್ಕ ಹಾಕ್ಯಾಳ. ಪ್ರಾಸ ಕೂಡಲಿ ಅಂತ ಹುಡುಗೋರು ಏನರೆ ಬರದಬಿಡತಾರ. ಅರ್ಥದ ಕಡೆ ಅವಕ್ಕ ಲಕ್ಷ್ಯಾನ ಇರೂದಿಲ್ಲ."

"ಪ್ರಾಸ," ಎಂದರು ಗೌಡರು. ರುಮಾಲು ಸರಿಮಾಡಿಕೊಂಡು ಹೊರಟುಹೋದರು.

ಅವರು ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ತಿಂಗಳೊಳಗೆ ನನ್ನನ್ನು ಹಾನಗಲ್ಲಿಗೆ ವರ್ಗ ಮಾಡಿದ ಹುಕುಮು ಬಂತು. ಆ ತಾಯಿಯ ಕೂಲಿ ಮಾತ್ರ ತಪ್ಪಲಿಲ್ಲ. ಹೊರಡುವ ಮುನ್ನ ಅದನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಬೇಸಿಗೆಯಲ್ಲಿ ಕೆರೆಯಂಗಳಕ್ಕೆ ಮತ್ತೆ ಬೇಲಿ ಬಿತ್ತೆಂದು ಆಮೇಲೆ ಕೇಳಿದೆ.

ಮಳೆಗಾಲ ಹಿಡಿಯುತ್ತಿದ್ದಾಗ ಹಾನಗಲ್ಲಿನ ನನ್ನ ಬಾಗಿಲಿಗೆ ತಾಯಿ ಮಗಳು ಬಂದರು. ತಾಯಿ ಒಳಗೆ ಬರಲು ಒಪ್ಪದೆ ಅಂಗಳದಲ್ಲೇ ನಿಂತು, "ಈಕೀನ ನಿಮ್ಮ ಹಂತ್ಯಾಕ ಇಟಗೊಳ್ರಿ. ಊರಾಗಿದ್ರ ಇಕಿ ಬಾಯಿ ಮುಚ್ಚೂದಿಲ್ಲ," ಎಂದಳು. ಹುಡುಗಿ ನನ್ನ ಮನೆಯಲ್ಲಿದ್ದುಕೊಂಡೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತಳು. ಪರೀಕ್ಷೆಯಲ್ಲಿ ರೂಪಕಕ್ಕೆ ಒಂದು ಉದಾಹರಣೆ ಕೇಳಿದ್ದರು. ಏನು ಬರೆದೆ ಎಂದು ದಾರಿಯಲ್ಲಿ ಕೇಳಿದೆ.

"ಮುಖಕಮಲ," ಎಂದಳು. ಅವಳಿಗೆ ಸಿಟ್ಟು ಬಂದಿತ್ತು. "ಪುಸ್ತಕದಾಗ ಇದ್ದಷ್ಟಽ ಬರದೇನ್ರಿ."