ಮೂರು ಸಲ ಕರೆಯುವ ಕೋಟೆ

ಅಂದು ಮಗಳ ಕೂಗು ನನಗೆ ಕೇಳಿಸಿತ್ತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಮೂರು ವರ್ಷಗಳಿಂದ ಹೆಂಡತಿಯ ಹತ್ತಿರ 'ಕೇಳಿಸಲಿಲ್ಲ' ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಮಾತೇ ನೆನಪಾಗಿ ಕುಳಿತಿರಬಹುದು.

ಬೇಸಿಗೆ ರಜೆಗೆ, ಮದರಾಸಿನ ಉತ್ತರ ತುದಿಯ ಮಾಧವರಂನಲ್ಲಿರುವ ನಮ್ಮ ಮನೆಯಿಂದ, ನಾವು ಮೂವರೂ ಸಮುದ್ರದ ಬದಿಯ ಬೆಸೆಂಟ್ ನಗರದ ಅತ್ತೆಯ ಮನೆಗೆ ಹೋಗಿದ್ದೆವು. ಅತ್ತೆ ಅಪ್ಪನ ತಂಗಿ, ಮದುವೆಯಾದಾಗಿನಿಂದ ಮದರಾಸಿನವರು. ಬೆಳಿಗ್ಗೆ ಸಮುದ್ರ, ಬಿಸಿಲೇರಿದ ಮೇಲೆ ನನ್ನ ಹಟಕ್ಕೆ ಒಂದೊಂದು ಕೋಟೆ. ಮೊದಲ ದಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕತ್ತಿ, ಕೋವಿ, ಸಮವಸ್ತ್ರಗಳನ್ನು ನೋಡಿದೆವು. ಮರುದಿನ ಅತ್ತೆಯನ್ನೂ ಕರೆದುಕೊಂಡು, ಸಮುದ್ರದ ಪಕ್ಕದ ರಸ್ತೆ ಹಿಡಿದು ದಕ್ಷಿಣಕ್ಕೆ, ಡಚ್ಚರ ಒಂದು ಪಾಳು ಕೋಟೆಗೆ ಹೋದೆವು. ಇಟ್ಟಿಗೆ ಗೋಡೆ, ಒಂದೆರಡು ಪಿರಂಗಿ, ಮೂಲೆಯಲ್ಲಿ ತಲೆಬುರುಡೆ ಕೆತ್ತಿದ ಸಮಾಧಿ ಕಲ್ಲುಗಳು. ಗೋಡೆಯಾಚೆಗೇ ಸಮುದ್ರ, ಒಳಗೆ ಕಾಲಿಟ್ಟ ಮೇಲೆ ಮಾತ್ರ ಅಲೆಯ ಸದ್ದು ನಿಂತೇ ಹೋಯಿತು. ಹಾಗೆಂದು ನೆನಪು.

ಕೋಟೆಯ ಬಾಗಿಲಲ್ಲೇ ಅತ್ತೆ ನಮ್ಮನ್ನು ತಡೆದರು. "ಇಲ್ಲಿ ಯಾರಾದ್ರೂ ಕರೆದ್ರೆ ಮೂರು ಸಲ ಆಗೋವರೆಗೂ ಓ ಅನ್ಬೇಡಿ. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಅವು ಒಂದೇ ಸಲ."

"ಡಚ್ಚರಿಗೆ ಕನ್ನಡ ಬರತ್ತಾ ಅತ್ತೆ?"

"ಇಷ್ಟು ವರ್ಷ ಇಲ್ಲೇ ಬಿದ್ದಿವೆ, ತಮಿಳಾದ್ರೂ ಬಂದಿರತ್ತೆ. ನೀನು ಬಂದು ಹತ್ತು ವರ್ಷ ಆಯ್ತು, ನಿಂಗೇ ಬಂದಿಲ್ಲಪ್ಪಾ."

ಹೆಂಡತಿ ನಕ್ಕಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನೂ ನಕ್ಕೆ. ಒಂಬತ್ತು ವರ್ಷದ ಮಗಳು ಮಾತ್ರ ಗಂಭೀರವಾಗಿ ತಲೆಯಾಡಿಸಿದಳು.

ಹೆಂಡತಿ ಫೋನಿನಲ್ಲಿ ಕೋಟೆಯ ವಿಡಿಯೋ ತೆಗೆಯುತ್ತಿದ್ದಳು. ನಾನು ಸಮಾಧಿ ಕಲ್ಲೊಂದರ ಅಕ್ಷರ ಕೂಡಿಸಿ ಓದುತ್ತಿದ್ದೆ. ಆಗ, ಹಳೆಯ ಉಗ್ರಾಣದ ಪಕ್ಕದ, ಕಮಾನು ಚಾವಣಿಯ ಕತ್ತಲ ಓಣಿಯ ಕಡೆಯಿಂದ, "ಅಪ್ಪಾ" ಎಂದಂತಾಯಿತು. ಒಂದೇ ಸಲ. ಅಥವಾ ಆಮೇಲೆ ನಾನೇ ಹಾಗೆ ಕಲ್ಪಿಸಿಕೊಂಡಿರಬಹುದು. ಕೇಳಿಸಿದ್ದು ನಿಜವಾದರೆ ನಾನೇಕೆ ಓಗೊಡಲಿಲ್ಲ ಎಂಬುದು ಗೊತ್ತು: ಎರಡನೆಯ ಕೂಗಿಗಾಗಿ ಕಾಯುತ್ತಿದ್ದೆ. ಅದು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಂಡತಿ, "ಅವಳೆಲ್ಲಿ?" ಎಂದಳು.

ಓಣಿಯ ಬಾಯಿಗೆ ಓಡಿ ಮಗಳ ಹೆಸರು ಕೂಗಿದೆ. ಸದ್ದಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ಒಳಗಿನಿಂದ "ಓ" ಎಂದಳು.

ಫೋನಿನ ಬೆಳಕು ಬಿಟ್ಟಾಗ ಗೋಡೆಗೆ ಬೆನ್ನೊತ್ತಿ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳ ಮುಂದೆ ಎರಡು ಹೆಜ್ಜೆಗೆ ನೆಲ ಕುಸಿದು ಬಾವಿಯಂಥ ಕತ್ತಲಿತ್ತು ಎಂದು ನನ್ನ ನೆನಪು. ಅಲ್ಲಿದ್ದುದು ಮೊಣಕಾಲುದ್ದದ ತಗ್ಗು ಎನ್ನುತ್ತಾಳೆ ಹೆಂಡತಿ.

"ಹೊರಗೆ ಬರದೆ ಇಲ್ಲೇ ಯಾಕೆ ನಿಂತೆ?"

"ನೀ ತಾನೇ ಸೊನ್ನೇ? ಅಂಗೇಯೇ ನಿಲ್ಲುನ್ನು."

ನೀನೇ ತಾನೇ ಹೇಳಿದ್ದು, ಅಲ್ಲೇ ನಿಲ್ಲು ಅಂತ, ಎಂದು ಅವಳ ಮಾತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ತಮಿಳಿನಲ್ಲಿ. ಓಣಿಯೊಳಗೆ ಕತ್ತಲಿತ್ತೆಂದು ಅವಳು ಒಂದು ಸಲ ಅಪ್ಪಾ ಎಂದಳಂತೆ. ಕೂಡಲೇ ನಾನು 'ಅಲ್ಲೇ ನಿಲ್ಲು' ಎಂದೆನಂತೆ. ಅದಕ್ಕೇ ಮತ್ತೆ ಕೂಗಲಿಲ್ಲ.

"ನಾನು ಯಾವ ಭಾಷೇಲಿ ಹೇಳ್ದೆ?"

"ಕನ್ನಡಂ." ನನಗೆ ಇನ್ನೇನು ಬರುತ್ತದೆ ಎಂಬಂತೆ ನೋಡಿದಳು.

ಕಾರಿನಲ್ಲಿ ವಾಪಸು ಹೊರಟೆವು. ಅಡ್ಯಾರ್ ಹತ್ತಿರ ಬಂದಾಗ ಹೆಂಡತಿ ಕೇಳಿದಳು. "ಅವಳು ಕೂಗಿದ್ದು ನಿಮಗೆ ನಿಜವಾಗ್ಲೂ ಕೇಳಿಸಲಿಲ್ವಾ?"

"ಇಲ್ಲ."

ಮನೆಗೆ ಬಂದ ಮೇಲೆ ಅತ್ತೆ ಉಪ್ಪು ಮೆಣಸಿನಕಾಯಿ ಹಿಡಿದು ಮಗುವಿಗೆ ದೃಷ್ಟಿ ತೆಗೆದರು. ಆಮೇಲೆ ನನ್ನ ಮುಂದೆ ನಿಂತು, ಕೇಳದೆಯೇ, ನನಗೂ ತೆಗೆದರು.

ಮಗಳಿಗೆ ಉತ್ತರಿಸಿದ ಆ ದನಿಗೆ ನಾನು ಕೊಟ್ಟುಕೊಂಡ ಕಾರಣಗಳು ಹಲವು. ಪ್ರತಿಧ್ವನಿ, ಹೊರಗಿನ ಯಾರದೋ ಮಾತು, ಹೆದರಿದ ಮಗುವಿನ ಕಲ್ಪನೆ. ಪ್ರತಿಧ್ವನಿ 'ಅಪ್ಪಾ' ಎಂಬುದನ್ನು 'ಅಲ್ಲೇ ನಿಲ್ಲು' ಮಾಡುವುದಿಲ್ಲ. ನಮ್ಮದಲ್ಲದ ವಾಹನ ಅಂದು ಬಾಗಿಲಲ್ಲಿ ನಿಂತಿದ್ದ ನೆನಪಿಲ್ಲ. ಕಲ್ಪನೆ ಎಂದುಕೊಂಡರೆ ಎಲ್ಲಕ್ಕಿಂತ ಸುಲಭ. ಆದರೆ ಯಾರು ಓಗೊಟ್ಟರು ಎಂಬುದಕ್ಕಿಂತ, ನಾನು ಓಗೊಡಲಿಲ್ಲ ಎಂಬುದು ಹೆಚ್ಚು ಕಾಡುತ್ತಿತ್ತು.

ಕಳೆದ ತಿಂಗಳು ಹೆಂಡತಿಯ ಹಳೆಯ ಫೋನಿನಲ್ಲಿ ಆ ವಿಡಿಯೋ ಸಿಕ್ಕಿತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಐದು ಸಲ ನೋಡಿದೆ. ಗಾಳಿ, ಪಿರಂಗಿ, ಹುಲ್ಲು, ಕೊನೆಗೆ ಕಲ್ಲಿನ ಮುಂದೆ ಬಗ್ಗಿರುವ ನಾನು. "ಅಪ್ಪಾ" ಎಂಬುದು ಸ್ಪಷ್ಟವಾಗಿದೆ, ಒಂದೇ ಸಲ. ಉತ್ತರದ ದನಿ ಅದರಲ್ಲಿ ಇಲ್ಲ. ನನ್ನ ತಲೆ ಓಣಿಯ ಕಡೆ ತಿರುಗುತ್ತದೆ, ಅಲ್ಲೇ ತುಸು ನಿಲ್ಲುತ್ತದೆ, ಮತ್ತೆ ಕಲ್ಲಿನ ಕಡೆಗೆ ಬರುತ್ತದೆ. ತುಟಿ ಅಲುಗುವುದಿಲ್ಲ.