ಕೋಚ್ ಅಂಕಲ್ ಕಾಲಿಗೆ ಬಿದ್ದ ಶನಿವಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿತ್ತು. ಶನಿವಾರ ಬೆಳಗಾದರೆ ಫುಟ್‌ಬಾಲ್ ಮೈದಾನದಲ್ಲಿ ಸುಮ್ಮನೆ ನಿಂತುಕೊಳ್ಳುವುದು ನನ್ನ ಹಣೆಬರಹವಾಗಿತ್ತು. ಆಡುವುದಲ್ಲ ಮಕ್ಕಳೇ, ನಿಂತುಕೊಳ್ಳುವುದು. ಬೇರೆ ಹುಡುಗರು ಚೆಂಡಿನ ಹಿಂದೆ ಓಡಿ ಮೈತುಂಬ ಕೆಸರು ಮೆತ್ತಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ನಮ್ಮ ಗೋಲಿನ ಮುಂದೆ ಚಳಿಯಲ್ಲಿ ನಡುಗಿ, ಒಗೆಯುವ ಅಗತ್ಯವೇ ಇಲ್ಲದ ಅಂಗಿಯಲ್ಲಿ ವಾಪಸಾಗುತ್ತಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಕೋಚ್ ಅಂಕಲ್. ಇಟಲಿಯವರು. ಒಂದು ಕಾಲದಲ್ಲಿ ಅಲ್ಲಿನ ದೊಡ್ಡ ತಂಡಗಳಲ್ಲಿ ಆಡಿದ ಡಿಫೆಂಡರ್, ಎಂದರೆ ಎದುರಾಳಿ ಗೋಲ್ ಹೊಡೆಯದ ಹಾಗೆ ಹಿಂದೆ ನಿಂತು ತಡೆಯುವ ಆಟಗಾರ. ಮೀನುಗಾರರ ಊರಿನಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಆಟಕ್ಕಾಗಿ ಮನೆ ಬಿಟ್ಟವರಂತೆ. ತಮ್ಮ ದೇಶದ ತಂಡದ ನೀಲಿ ಅಂಗಿಯನ್ನೂ ಒಮ್ಮೆ ತೊಟ್ಟಿದ್ದರಂತೆ. ಆ ದಿನ ಇಡೀ ಆಟ ಬೆಂಚಿನ ಮೇಲೇ ಕೂತಿದ್ದರಂತೆ. ವಯಸ್ಸಾಗುತ್ತಾ ಬಂದಾಗ ಅಡಿಲೇಡ್‌ನ ತಂಡವೊಂದು ಕರೆಯಿತು. ಅಲ್ಲಿಂದ ಬ್ರಿಸ್ಬೇನ್‌ಗೆ ಹೋದರು, ಅಲ್ಲಿ ಮೊಣಕಾಲು ಕೈಕೊಟ್ಟಿತು. ಕೊನೆಗೆ ಹೆಂಡತಿಯ ಅಣ್ಣನ ಟೈಲ್ಸ್ ಅಂಗಡಿ ನೋಡಿಕೊಳ್ಳಲು ಪರ್ತ್‌ಗೆ ಬಂದು, ನನ್ನ ದುರದೃಷ್ಟಕ್ಕೆ, ಶನಿವಾರಗಳಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದರು. ಕಲಿಸುತ್ತಿದ್ದದ್ದು ಎರಡೇ ಮಾತು: ನಿಲ್ಲು, ನೋಡು. ನಾನು ಮುಂದೆ ಆಡಬೇಕು, ಗೋಲ್ ಹೊಡೆಯಬೇಕು ಎಂದು ಗೋಗರೆದರೆ ತಲೆಯಾಡಿಸಿ ಮತ್ತೆ ಅದೇ ಜಾಗ ತೋರಿಸುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ನಾನು ಹೇಳಹೊರಟದ್ದು ಆ ವರ್ಷದ ಕೊನೆಯ ಪಂದ್ಯದ ದಿನದ ಮಾತು. ಅಪ್ಪನಿಗೆ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ಮುಂದಿನ ವಾರವೇ ನಾವು ಮನೆ ಖಾಲಿ ಮಾಡಬೇಕಿತ್ತು. ಗೆಳೆಯರ ಎದುರು ಒಂದೇ ಒಂದು ಗೋಲ್ ಹೊಡೆಯದೆ ಪರ್ತ್ ಬಿಡುವುದೆಂದರೆ ನನಗೆ ಅಳುವೇ ಬರುತ್ತಿತ್ತು. ಮೈಸೂರಿನಿಂದ ತಾತ ಬೇರೆ ಬಂದಿದ್ದರು. ಫೋನನ್ನು ಇನ್ನೂ ಕೈಯಲ್ಲೇ ಹಿಡಿದು ಓಡಾಡುತ್ತಿದ್ದ ಕಾಲ ಅದು. ಅಪ್ಪ ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿ, ಇದರಲ್ಲಿ ನಮ್ಮ ಹುಡುಗ ಎಲ್ಲಿದ್ದಾನೆ ಎಂದು ಕೇಳಿ ಕೇಳಿ ತಾತ ಸುಸ್ತಾಗಿದ್ದರು.

ಹುಲ್ಲು ಇಬ್ಬನಿಗೆ ಒದ್ದೆಯಾಗಿತ್ತು. ಮೈದಾನದ ಅಂಚಿನಲ್ಲಿ ತಿಂಡಿ ಮಾರಲು ಯಾರೋ ಈರುಳ್ಳಿ ಹುರಿಯುತ್ತಿದ್ದ ವಾಸನೆ, ಕೋಚ್ ಅಂಕಲ್ ಮೊಣಕಾಲಿಗೆ ಬಳಿದುಕೊಂಡ ಮುಲಾಮಿನ ಘಾಟು ಎರಡೂ ಸೇರಿ ಮೂಗಿಗೆ ಅಡರುತ್ತಿದ್ದವು. ಕಾರಿನಿಂದ ಇಳಿಯುತ್ತಲೇ ತಾತ, "ಕೊನೇ ಆಟ ಕಣೋ. ಮೊದ್ಲು ಗುರುಗಳ ಕಾಲಿಗೆ ನಮಸ್ಕಾರ ಮಾಡ್ಕೊಂಡು ಬಾ," ಎಂದರು.

"ನೋ ವೇ, ತಾತ. ಎಲ್ರೂ ನೋಡ್ತಾರೆ," ಎಂದೆ.

"ನೋಡಿದ್ರೆ ನೋಡ್ಲಿ, ಹೋಗೋ," ಎಂದು ಅಪ್ಪನೂ ದನಿಗೂಡಿಸಿದರು.

ಯಾರಿಗೂ ಕಾಣದ ಹಾಗೆ ಬೇಗ ಮುಗಿಸಿಬಿಡೋಣವೆಂದು, ಅಂಕಲ್ ಅತ್ತ ತಿರುಗಿ ಗೆರೆಯ ಮೇಲೆ ಬಾವುಟ ನೆಡುತ್ತಿದ್ದಾಗ ಪಕ್ಕದಿಂದ ಓಡಿಹೋಗಿ ಅವರ ಕಾಲಿಗೆ ಬಿದ್ದೆ. ಡಿಫೆಂಡರ್ ಅಲ್ಲವೇ ಆ ಮನುಷ್ಯ? ಯಾರಾದರೂ ಕಾಲಿನತ್ತ ನುಗ್ಗಿದರೆ ಹಾರಿಕೊಳ್ಳುವುದು ಅವರ ಮೈಗೇ ಅಂಟಿದ ಅಭ್ಯಾಸ. ನನ್ನ ಮೇಲಿಂದ ಎಗರಿದರು. ಎಗರಿದ್ದು ಚೆನ್ನಾಗಿಯೇ ಇತ್ತು. ಇಳಿದದ್ದು ಮಾತ್ರ ಕೆಟ್ಟ ಮೊಣಕಾಲಿನ ಮೇಲೆ. ಒದ್ದೆ ಹುಲ್ಲಿನಲ್ಲಿ ಕೂತು ಇಟಲಿಯ ಭಾಷೆಯಲ್ಲಿ ಏನೇನೋ ಅಂದರು. ನಮಗೆ ಅರ್ಥವಾಗದೆ ಇದ್ದದ್ದೇ ಒಳ್ಳೆಯದಾಯಿತು.

ನಮ್ಮ ಜೊತೆ ಬಂದಿದ್ದ ನನ್ನ ಅಕ್ಕ, ಹಣ್ಣು ತಣ್ಣಗಿರಲೆಂದು ಐಸ್ ತುಂಬಿದ್ದ ಡಬ್ಬಿಯಿಂದ ಐಸ್ ತಂದಳು. ತಾತನ ಮಡಚುವ ಕುರ್ಚಿಯಲ್ಲಿ ಅಂಕಲ್‌ರನ್ನು ಕೂರಿಸಿ, ಅಪ್ಪ ಇಂಗ್ಲಿಷಿನಲ್ಲಿ ನಮ್ಮ ಪದ್ಧತಿಯನ್ನು ವಿವರಿಸಿದರು. ಅಂಕಲ್ ನಂಬಲಾಗದೆ ನನ್ನನ್ನೇ ನೋಡಿದರು. "ಇಷ್ಟು ವರ್ಷ ನನ್ನ ಕಾಲಿನ ಹತ್ತಿರ ಬಂದವರೆಲ್ಲ ಒದೆಯುವುದಕ್ಕೇ ಬಂದವರು," ಎಂದರು. ಆಮೇಲೆ, ಹೀಗೆ ನಮಸ್ಕರಿಸಿದವನಿಗೆ ದೊಡ್ಡವರು ಏನು ಕೊಡಬೇಕು ಎಂದು ಕೇಳಿದರು.

"ಆಶೀರ್ವಾದ ಮಾಡಬೇಕು," ಎಂದ ಅಪ್ಪ ಸ್ವಲ್ಪವೂ ನಾಚಿಕೆಯಿಲ್ಲದೆ ಜೊತೆಗೇ ಸೇರಿಸಿದರು: "ಅವನಿಗೆ ಮುಂದೆ ಆಡಬೇಕು ಅಂತ ಆಸೆ."

ಅಂಕಲ್ ಕಣ್ಣು ಮುಚ್ಚಿ, ದೊಡ್ಡ ನಿಟ್ಟುಸಿರು ಬಿಟ್ಟು, ಎದುರಾಳಿಯ ಗೋಲಿನತ್ತ ಕೈ ಬೀಸಿ ಹೋಗು ಎಂದರು.

ಹೀಗೆ ನಾನು ಮುಂದೆ ಆಡಿದೆ. ನನ್ನ ಹಳೆಯ ಜಾಗಕ್ಕೆ ಬಂದ ಹುಡುಗನೋ, ಚೆಂಡು ಹೋದಲ್ಲೆಲ್ಲ ಹೋಗುವವನು. ಅವನು ಬಿಟ್ಟುಹೋದ ಖಾಲಿ ಜಾಗ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಗೋಲ್ ಹೊಡೆಯುವ ಯೋಚನೆ ಮಾಡಬೇಕಾದವನು ತಿರುತಿರುಗಿ ಅಲ್ಲಿಗೇ ನೋಡುತ್ತಿದ್ದೆ, ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತಾ ಬಂದಾಗ, ಅವರ ತಂಡದ ಉದ್ದ ಕಾಲಿನ ಹುಡುಗನೊಬ್ಬ ಚೆಂಡು ತೆಗೆದುಕೊಂಡು ನೇರ ಆ ಜಾಗಕ್ಕೇ ನುಗ್ಗಿದ. ನಾನು ಮುಂದೆಯೇ ನಿಂತಿದ್ದರೆ ಮುಂದಿನ ಚೆಂಡು ನನಗೇ ಬರಬಹುದಿತ್ತು. ಆದರೆ ನನ್ನ ಕಾಲುಗಳು ಆಗಲೇ ಹಿಂದಕ್ಕೆ ಓಡುತ್ತಿದ್ದವು. "ಹಿಂದೆ ಯಾಕೋ ಹೋಗ್ತೀಯಾ, ಮುಂದೆ ಇರೋ," ಎಂದು ಅಪ್ಪ ಫೋನ್ ಹಿಡಿದುಕೊಂಡೇ ಕೂಗುತ್ತಿದ್ದರು. ನಾನು ಉದ್ದ ಕಾಲಿನವನ ಎದುರಿಗೆ ಹೋದೆ. ಒದೆಯಲಿಲ್ಲ. ನಿಂತೆ, ನೋಡಿದೆ. ಅವನು ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ದಾರಿ ಕಾಣದೆ ಚೆಂಡನ್ನು ಗೆರೆಯಾಚೆ ಉರುಳಿಸಿಕೊಂಡ. ಅಷ್ಟರಲ್ಲಿ ಆಟ ಮುಗಿದ ಸೀಟಿ ಕೇಳಿಸಿತು.

ಪಂದ್ಯ ಸಮವಾಯಿತು. ನನ್ನ ಗೋಲ್ ಮಾತ್ರ ಆಗಲಿಲ್ಲ. "ಅಷ್ಟು ಕಷ್ಟಪಟ್ಟು ಮುಂದಕ್ಕೆ ಕಳ್ಸಿದ್ರೆ ಓಡಿ ವಾಪಸ್ ಬಂದ್ಬಿಟ್ಯಲ್ಲೋ," ಎಂದು ಅಪ್ಪ ಹಣೆ ಚಚ್ಚಿಕೊಂಡರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ; ತಡೆದವನಿಗೆ ಯಾರು ತಟ್ಟುತ್ತಾರೆ? ಕೋಚ್ ಅಂಕಲ್ ಮಾತ್ರ ತಾತನ ಭುಜ ಹಿಡಿದು ಒಂಟಿ ಕಾಲಿನಲ್ಲಿ ಎದ್ದು ನಿಂತಿದ್ದರು. "ನಾನು ಚೆನ್ನಾಗಿ ಆಡಿದ ಆಟಗಳು ಯಾರಿಗೂ ನೆನಪಿಲ್ಲ," ಎಂದರು, ನನ್ನ ತಲೆ ಸವರುತ್ತಾ. "ಆ ದಿನಗಳಲ್ಲಿ ಏನೂ ಆಗಲಿಲ್ಲವಲ್ಲ, ಅದಕ್ಕೆ." ಇದೇನು ಸಮಾಧಾನ ಹೇಳುವ ರೀತಿಯೇ ಎಂದು ನನಗೆ ಇನ್ನಷ್ಟು ಅಳು ಬಂತು.

ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಹೊಸ ಕೋಚ್ ಇವನು ಎಲ್ಲಿ ಆಡುತ್ತಾನೆ ಎಂದು ಕೇಳಿದಾಗ, ಮುಂದೆ ಎನ್ನಲು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನಾನು ಹಿಂದೆ ಎಂದುಬಿಟ್ಟೆ. ಯಾಕೆ ಹಾಗೆಂದೆನೋ ನನಗೂ ಗೊತ್ತಿರಲಿಲ್ಲ.

ಈಗ ನಿಮ್ಮ ಕಾಲ. ನಿಮ್ಮ ಮೈದಾನದ ಹುಲ್ಲು ಒದ್ದೆಯಾಗುವುದಿಲ್ಲ, ಅಲ್ಲಿ ಈರುಳ್ಳಿ ಹುರಿಯಲು ಯಾರನ್ನೂ ಬಿಡುವುದಿಲ್ಲ. ಕಾಲಿಗೆ ಕಟ್ಟಿದ ಪಟ್ಟಿಯೊಂದು ನೀವು ಎಷ್ಟು ಓಡಿದಿರಿ, ಎಷ್ಟು ಒದ್ದಿರಿ ಎಂದು ಲೆಕ್ಕ ಹಾಕಿ, ಆಟ ಮುಗಿಯುವ ಮೊದಲೇ ಅಂಕ ಕೊಟ್ಟುಬಿಡುತ್ತದೆ. ಹೋದ ವಾರ ನಿಮ್ಮಲ್ಲಿ ಚಿಕ್ಕವಳಿಗೆ ಅದು ಸೊನ್ನೆ ಕೊಟ್ಟಿತು, ಅವಳು ಊಟ ಬಿಟ್ಟು ಮಲಗಿದಳು. ಬಾ ಇಲ್ಲಿ, ಪುಟ್ಟಿ. ಆ ಪಟ್ಟಿಗೇನು ಗೊತ್ತು, ಮಣ್ಣು? ಇಡೀ ಆಟ ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ನಿಂತ ಕಡೆಯಿಂದ ಒಬ್ಬರೂ ದಾಟಲಿಲ್ಲ.