ಕುರಿಗಳ ರಕ್ತ ಹೀರಿದವರು

ಅಮೃತವ್ವ ಲಕ್ಷ್ಮೇಶ್ವರದ ಪಶು ಆಸ್ಪತ್ರೆಗೆ ಮೊದಲ ಸಲ ಬಂದಾಗ ಅವಳ ತೊಡೆಯ ಮೇಲೆ ಸತ್ತ ಕುರಿಯಿತ್ತು. ನಾನು ಅಲ್ಲಿಯ ಕಂಪೌಂಡರ್. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸತ್ತ ಕುರಿಯನ್ನು ಹೀಗೆ ಕೂಸಿನಂತೆ ಅವುಚಿಕೊಂಡು ಬಂದವರನ್ನು ಕಂಡಿರಲಿಲ್ಲ. ಟಂಟಂ ಆಟೋದಿಂದ ಇಳಿಯುವ ಮೊದಲೇ ಅವಳು ಕೇಳಿದಳು:

"ಇದರ ರಕ್ತ ಯಾರು ಕುಡದಾರ ಅನ್ನೂದು ನೋಡಿ ಹೇಳ್ತೀರೇನ್ರಿ?"

ಆ ಮಾತಿನ ಹಿಂದೆ ಏನಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅವಳಿಂದ ಕೇಳಿದ್ದನ್ನೂ ನಾನೇ ಕಂಡದ್ದನ್ನೂ ಕೂಡಿಸಿ ಹೇಳುತ್ತೇನೆ.

ಬಾಳೆಹೊಸೂರಿನ ಆಚೆ ಮೂರ್ನಾಲ್ಕು ಮೈಲಿ ದೂರದ ಸಣ್ಣ ಊರು ಅವಳದು. ಗಂಡ ಇಲ್ಲ. ಎರಡು ಎಕರೆ ಹೊಲ, ಎಂಟು ಕುರಿ, ಒಬ್ಬಳೇ ಮಗಳು ವಿದ್ಯಾಶ್ರೀ. ಮೂರು ವರ್ಷದ ಹಿಂದೆ ಯುಗಾದಿಯ ಹೊತ್ತಿಗೆ ವಿದ್ಯಾಶ್ರೀ ಹೆರಿಗೆಗೆಂದು ತವರಿಗೆ ಬಂದಳು. ಎಂಟು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಕೈಕಾಲು ಸೆಟೆದು ಫಿಟ್ಸ್ ಬಂತು, ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು. ಬಸುರಿ ಸತ್ತವಳನ್ನು ತಮ್ಮ ಹೊಲಕ್ಕೆ ತರುವುದು ಬೇಡ ಅಂದರು ಗಂಡನ ಮನೆಯವರು. ಅಮೃತವ್ವ ಅವರ ಸಂಗಡ ವಾದ ಮಾಡಲಿಲ್ಲ. ತನ್ನ ಹೊಲದ ತುದಿಯಲ್ಲಿ, ಊರ ಹೊಂಡದ ದಂಡೆಗೆ, ಮಗಳನ್ನು ಮಣ್ಣು ಮಾಡಿಸಿದಳು.

ಆ ವರ್ಷ ಶ್ರಾವಣದ ಮಳೆ ಹಿಡಿದು ಹೊಡೆಯಿತು. ಹೊಂಡದ ದಂಡೆಯಲ್ಲಿ ಹುಲ್ಲು ಎದ್ದಿತು, ಊರ ಕುರಿಗಳೆಲ್ಲ ಅಲ್ಲೇ ಮೇಯ್ದವು. ತಿಂಗಳು ಕಳೆಯುವುದರೊಳಗೆ ಕುರಿಗಳು ಒಂದೊಂದಾಗಿ ಬಿದ್ದು ಸಾಯತೊಡಗಿದವು. ಅರವತ್ತು ಕುರಿಯ ಒಡೆಯ ಕಳಕೇಶನ ಹಟ್ಟಿಯಲ್ಲೇ ಒಂಬತ್ತು ಹೋದವು. ಮೈಮೇಲೆ ಗಾಯವಿಲ್ಲ, ಭೇದಿಯಿಲ್ಲ. ಒಂದರ ತೊಡೆ ಕೊಯ್ದು ನೋಡಿದರೆ ಮಾಂಸವೆಲ್ಲ ಬಿಳಿಚಿಕೊಂಡಿದೆ, ರಕ್ತ ನೀರಿನ ಹಾಗೆ ತೆಳ್ಳಗೆ. ಕುತ್ತಿಗೆಯ ಉಣ್ಣೆ ಸರಿಸಿದಾಗ ಎರಡು ಸಣ್ಣ ಚುಕ್ಕಿ ಕಂಡವು.

ಬಸುರಿ ಸತ್ತವಳು ತಿರುಗಿ ಬಂದು ರಕ್ತ ಹೀರುತ್ತಾಳೆ ಎಂಬ ಕತೆಯನ್ನು ಆ ಊರಿನ ಎಲ್ಲರೂ ಅಜ್ಜಿಯ ಬಾಯಲ್ಲಿ ಕೇಳಿದವರೇ. ಅದೇ ವಾರ ಟಿವಿಯಲ್ಲಿ ಕನ್ನಡಕ್ಕೆ ಡಬ್ ಆದ ಒಂದು ಪಿಕ್ಚರ್ ಬಂದಿತ್ತಂತೆ. ಅದರಲ್ಲಿ ಪೆಟ್ಟಿಗೆಯೊಳಗಿನ ಹೆಣ ಎದ್ದು ಬಂದು ಜನರ ಕುತ್ತಿಗೆ ಕಚ್ಚುತ್ತದೆ, ಎದೆಗೆ ಗೂಟ ಜಡಿದ ಮೇಲೆ ಸುಮ್ಮನಾಗುತ್ತದೆ. ಅಜ್ಜಿಯ ಕತೆಗೂ ಪಿಕ್ಚರಿಗೂ ಚಹಾದಂಗಡಿಯಲ್ಲಿ ನಂಟು ಬೆಳೆಯಿತು. ಸತ್ತ ಕುರಿಗಳು ಮೇಯ್ದದ್ದು ವಿದ್ಯಾಶ್ರೀಯ ಗೋರಿಯ ಸುತ್ತ ಎಂಬುದನ್ನು ಯಾರೋ ಎತ್ತಿ ಆಡಿದರು. ಗೋರಿಯ ಪಕ್ಕದಲ್ಲಿ ಮುಷ್ಟಿ ಹಿಡಿಯುವಷ್ಟು ಒಂದು ತೂತು ಬಿದ್ದದ್ದನ್ನು ಇನ್ನಾರೋ ನೋಡಿದರು.

ಕಳಕೇಶ ನಾಲ್ಕು ಜನರೊಡನೆ ಅಮೃತವ್ವನ ಮನೆಗೆ ಬಂದ. ದೂರದ ಸಂಬಂಧದಲ್ಲಿ ಅವಳು ಅವನಿಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಆಗಬೇಕು.

"ಚಿಗವ್ವ, ನಿನಗ ಸಂಕಟ ಆಗತೈತಿ, ಗೊತ್ತೈತಿ. ಆದ್ರ ಊರ ಉಳೀಬೇಕಲ್ಲ. ಅಮಾಸಿ ದಿನ ನಡುಮಧ್ಯಾಹ್ನ ಮಣ್ಣ ತಗದು, ಎದಿಗೆ ಮೊಳಿ ಹೊಡದು, ಸುಟ್ಟಬಿಡ್ತೀವಿ."

"ಇವತ್ತ ಏನು ವಾರ?" ಅಂದಳು ಅಮೃತವ್ವ.

"ಮಂಗಳವಾರ. ಅಮಾಸಿ ಶುಕ್ರವಾರ."

"ಅಂದ್ರ ಮೂರ ದಿನ ಐತಿ. ಅಷ್ಟ್ರಾಗ ನನ್ನ ಮಗಳ ಮ್ಯಾಲಿನ ಒಂದು ಹೆಂಟಿ ಮಣ್ಣ ಸರೀತು ಅಂದ್ರ ನಿಮ್ಮನ್ನ ಬಿಡಾಂಗಿಲ್ಲ. ಮೂರ ದಿನದ ಮ್ಯಾಲ ರಕ್ತ ಕುಡದಾಕಿ ನನ್ನ ಮಗಳ ಅಂತ ಖರೆ ಆದ್ರ, ಸಲಿಕಿ ನಾನ ಹಿಡೀತೀನಿ. ನೀವು ಬರೂದು ಬ್ಯಾಡ."

ಬಂದವರು ಬಂದ ದಾರಿ ಹಿಡಿದರು.

ಅವಳಿಗೆ ದೆವ್ವದಲ್ಲಿ ನಂಬಿಕೆ ಇರಲಿಲ್ಲವೆಂದಲ್ಲ. ಹರೆಯದಲ್ಲಿ ಇಂಥದೇ ಸಾವಾದಾಗ, ಸತ್ತವಳು ಒಳಗೆ ಬಾರದಿರಲೆಂದು, ತಾನೂ ಹೊಸ್ತಿಲಿಗೆ ಮೊಳೆ ಹೊಡೆದವಳು. ಅದನ್ನು ನನಗೆ ಹೇಳುವಾಗ ತಲೆ ಎತ್ತಲಿಲ್ಲ. ಅವತ್ತು ಸಂಜೆ ಒಬ್ಬಳೇ ಗೋರಿಗೆ ಹೋಗಿ ಕೂತಳು. ತೂತು ಕಣ್ಣೆದುರಿಗೇ ಇತ್ತು. ಒಂದು ಗಳಿಗೆ ಅವಳಿಗೂ ಅನ್ನಿಸಿತು: ಇದ್ದರೂ ಇರಬಹುದು, ಎಳೆ ಜೀವ, ಆಸೆ ಬಿಟ್ಟು ಹೋಗಿರಲಿಕ್ಕಿಲ್ಲ. ಆ ವಿಚಾರ ಬಂದದ್ದೇ ಅವಳ ಮೈ ಉರಿಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ತೂತಿನೊಳಗೆ ಮೊಳಕೈವರೆಗೂ ಕೈ ಹಾಕಿದಳು. ತಣ್ಣನೆಯ ಕೆಸರು. ಬೆರಳಿಗೆ ಏನೋ ಚುಚ್ಚಿತು. ಕಿರುಚಿಕೊಂಡರೂ ಬಿಡದೆ ಎಳೆದಳು. ಒಂದು ಏಡಿ!

ಅಲ್ಲೇ ಕೂತು ನಕ್ಕಳಂತೆ, ಆಮೇಲೆ ಅತ್ತಳಂತೆ.

ತೂತಿನ ಸಂಗತಿ ಮುಗಿಯಿತು, ಕುರಿಗಳದು ಉಳಿಯಿತು. ಸತ್ತ ಕುರಿಯನ್ನು ಡಾಕ್ಟರಿಗೆ ತೋರಿಸೋಣ ಅಂದರೆ ಯಾರೂ ಕೊಡಲಿಲ್ಲ. ದೆವ್ವ ಮುಟ್ಟಿದ್ದನ್ನು ಹೂಳಬೇಕು ಅಂದರು. ಬುಧವಾರ ಬೆಳಿಗ್ಗೆ ಅವಳದೇ ಒಂದು ಕುರಿ ಏಳಲಾರದೆ ಮಲಗಿತ್ತು. ಅದರ ತುಟಿ ಎತ್ತಿ ನೋಡಿದಳು. ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು. ಟಂಟಂ ಓಡಿಸುವವರಲ್ಲಿ ಇಬ್ಬರು ಬರುವುದಿಲ್ಲ ಅಂದರು. ಮೂರನೆಯವನು ನವಾಜ. "ಕುಂಡ್ರಿ ಅವ್ವಾರ," ಅಂದ. "ಕುರಿ ಇನ್ನೂ ಉಸರಾಡಾಕತೈತಿ, ಜಲ್ದಿ ಹೋಗೋಣು." ಬಾಳೆಹೊಸೂರು ದಾಟುವ ಹೊತ್ತಿಗೆ ಕುರಿ ಅವಳ ತೊಡೆಯ ಮೇಲೆಯೇ ಸತ್ತಿತು.

ನಮ್ಮ ಡಾಕ್ಟರು ರಮೀಜ, ಚಿಕ್ಕ ವಯಸ್ಸಿನವರು. ಅವಳ ಮಾತು ಕೇಳಿ ನಗಲಿಲ್ಲ. "ಈಗಷ್ಟ ಸತ್ತದ್ದು ಛಲೋ ಆತು, ಒಳಗ ಏನೈತಿ ಅಂತ ಸ್ವಚ್ಛ ಕಾಣತೈತಿ," ಅಂದರು. ಕುತ್ತಿಗೆಯ ಚುಕ್ಕಿ ಉಣ್ಣಿ ಕಚ್ಚಿದ್ದೆಂದು ಹೇಳಿ, ಅಲ್ಲೇ ಅಂಟಿಕೊಂಡಿದ್ದ ಒಂದು ಉಣ್ಣಿಯನ್ನು ಚಿಮ್ಮಟದಿಂದ ಕಿತ್ತು ತೋರಿಸಿದರು. ಆಮೇಲೆ ಹೊಟ್ಟೆ ಕೊಯ್ದರು. ಕುರಿಗೆ ಹೊಟ್ಟೆಯ ನಾಲ್ಕು ಭಾಗ. ನಾಲ್ಕನೆಯದನ್ನು ಸೀಳಿದಾಗ ನಾನು ಬಗ್ಗಿ ನೋಡಿದೆ. ಒಳಗೋಡೆಯ ತುಂಬ ಕೂದಲೆಳೆಯಷ್ಟು ಸಣ್ಣ ಹುಳ, ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಕೆಂಪು ಬಿಳಿ ಹೊಸೆದ ದಾರದ ಹಾಗೆ. ಸಾವಿರಕ್ಕೆ ಕಡಿಮೆ ಇರಲಿಲ್ಲ, ಇನ್ನೂ ಹೊರಳಾಡುತ್ತಿದ್ದವು.

"ರಕ್ತ ಕುಡಿಯೋ ಜಂತು," ಅಂದರು ಡಾಕ್ಟರು. "ಮಳಿಗಾಲದಾಗ ಹಸಿ ಹುಲ್ಲಿಗೆ ಹತ್ತಿರತಾವು. ಹೊಂಡದ ದಂಡಿಗೆ ಹೆಚ್ಚು. ಮೇಯ್ದ ಕುರಿ ಹೊಟ್ಟಿಗೆ ಹೋಗಿ ರಕ್ತ ಹೀರತಾವು."

ಅಮೃತವ್ವ ಬೆರಳಿನಿಂದ ಒಂದು ಹುಳ ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಇವಕ್ಕೇನ್ರಿ ಅವರು ನನ್ನ ಮಗಳ ಹೆಸರ ಇಟ್ಟದ್ದು?"

ನಾಳೆ ಔಷಧ ತೆಗೆದುಕೊಂಡು ಬರುತ್ತೇವೆ ಅಂದರೆ ಅವಳು ಒಪ್ಪಲಿಲ್ಲ. "ಇವತ್ತ ಬರ್ರಿ. ಇವು ಜೀವಂತ ಇದ್ದಾಗ ಅವರು ನೋಡಬೇಕು." ಹುಳಗಳನ್ನು ಒಂದು ಗಾಜಿನ ಬಾಟಲಿಗೆ ಹಾಕಿಕೊಂಡು, ಜಂತಿನ ಔಷಧದ ಕ್ಯಾನುಗಳ ಜೊತೆ ನಾನೂ ಡಾಕ್ಟರೂ ಅದೇ ಟಂಟಂ ಹತ್ತಿದೆವು.

ಊರಿನ ಕಟ್ಟೆಯ ಮುಂದೆ ಜನ ಸೇರಿದರು. ಕಳಕೇಶ ಬಾಟಲಿ ನೋಡಿ ತಲೆಯಾಡಿಸಿದ. "ಇವನ್ನ ಎಲ್ಲಿಂದ ತಂದ್ರೋ ಯಾರಿಗ್ಗೊತ್ತು? ಅಕಿ ಕುರಿಗೆ ಹುಳ ಇದ್ರ ಇರಬಹುದು. ನಮ್ಮವು ಹಂಗ ಸತ್ತಿಲ್ಲ."

"ಹಂಗಾದ್ರ ನಿನ್ನ ಹಟ್ಟಿ ಕುರೀನ ಕೊಯ್ಯಿಸು," ಅಂದಳು ಅಮೃತವ್ವ.

ಮಧ್ಯಾಹ್ನವೇ ಕಳಕೇಶನ ಹಟ್ಟಿಯಲ್ಲಿ ಇನ್ನೊಂದು ಸತ್ತಿತ್ತು, ಹೂಳಲು ಗುಂಡಿಯನ್ನೂ ತೋಡಿದ್ದರು. ಅವನ ಹೆಂಡತಿ ಅನ್ನಪೂರ್ಣ ಯಾರನ್ನೂ ಕೇಳಲಿಲ್ಲ. ಹೋಗಿ ಆ ಕುರಿಯ ಕಾಲು ಹಿಡಿದು ಕಟ್ಟೆಯವರೆಗೂ ಎಳೆದುಕೊಂಡು ಬಂದಳು. "ಕೊಯ್ರಿ ಸಾಹೇಬ್ರ," ಅಂದಳು. "ನಾನೂ ಹೆಣ್ಣ ಹಡದಾಕಿ. ನಾಳೆ ನನ್ನ ಮಗಳ ಗೋರಿಗೂ ಇವರು ಬರಬಾರದು."

ಡಾಕ್ಟರು ಎಲ್ಲರ ಎದುರಿಗೆ ಕೊಯ್ದರು. ಅದೇ ಹುಳ, ಅಷ್ಟೇ ಹುಳ. ಹಿಂದೆ ನಿಂತವರು ಮುಂದೆ ಬಂದು ನೋಡಿ ಮೂಗು ಮುಚ್ಚಿಕೊಂಡು ಸರಿದರು. ಕಳಕೇಶನ ಬಾಯಿಂದ ಬಂದದ್ದು ಇಷ್ಟೇ: "ಔಷಧ ಎಷ್ಟ ಕುರಿಗೆ ಆಗತೈತ್ರಿ?"

ಕತ್ತಲಾಗುವವರೆಗೆ ಕುರಿಗಳ ಬಾಯಿಗೆ ಔಷಧ ಹಾಕಿದೆವು, ಮರುದಿನವೂ ಹಾಕಿದೆವು. ಕೊರಳು ಹಿಡಿದು ಬಾಯಿ ತೆರೆಯುವ ಕೆಲಸವನ್ನು ಅಮೃತವ್ವ ನನ್ನಿಂದ ಅಲ್ಲೇ ಕಲಿತಳು. ಆಮೇಲೂ ಮೂರು ಕುರಿ ಸತ್ತವು, ಅವು ಮೊದಲೇ ಸೋತಿದ್ದವು. ನಂತರ ಸಾವು ನಿಂತಿತು. ಶುಕ್ರವಾರ ಅಮಾವಾಸ್ಯೆಯ ನಡುಮಧ್ಯಾಹ್ನ ಅವಳು ಸಲಿಕೆ ಹಿಡಿದು ಗೋರಿಯ ಹತ್ತಿರ ಕೂತೇ ಇದ್ದಳು. ಯಾರೂ ಬರಲಿಲ್ಲ. ಬರದಿದ್ದರಷ್ಟೇ ಸಾಲದು ಅನ್ನಿಸಿತು ಅವಳಿಗೆ. ಎದ್ದು ಸೀದಾ ಕಳಕೇಶನ ಹಟ್ಟಿಗೆ ನಡೆದಳು.

"ನಾಕ ಮಂದಿ ಮುಂದ ನನ್ನ ಮಗಳ ಹೆಸರ ತಗೊಂಡಿದ್ದಿ. ಈಗ ಕಟ್ಟಿ ಮುಂದ ನಿಂತು ಅಕಿ ಅಲ್ಲ ಅಂತ ಹೇಳು."

ಅವನು ಹೇಳಲು ಎಂಟು ದಿನ ತೆಗೆದುಕೊಂಡ. ಅಷ್ಟೂ ದಿನ ಅವಳು ದಿನಾ ಹೋಗಿ ಅವನ ಬಾಗಿಲಲ್ಲಿ ಕೂತು ಬಂದಳು. ಒಂಬತ್ತನೆಯ ದಿನ ಕಟ್ಟೆಯ ಮುಂದೆ ನಿಂತು, ಅತ್ತಿತ್ತ ನೋಡುತ್ತ, "ವಿದ್ಯಾಶ್ರೀದು ಏನೂ ತಪ್ಪಿಲ್ಲ. ತಪ್ಪು ನಮ್ದು," ಅಂದ. ಕೆಲವರು ಈಗಲೂ ಗೋರಿಯ ಕಡೆಯ ದಾರಿಯನ್ನು ತಪ್ಪಿಸಿ ಸುತ್ತು ಹಾಕಿ ಹೋಗುತ್ತಾರೆ. ಅವರಿಗೆ ಏನೂ ಹೇಳಲು ಹೋಗುವುದಿಲ್ಲ ಅವಳು.

ಈಗ ಮಳೆ ಶುರುವಾಯಿತೆಂದರೆ ಅಮೃತವ್ವ ಮನೆಮನೆಗೆ ಹೋಗಿ ಕುರಿಗಳ ಕೆಳರೆಪ್ಪೆ ಇಳಿಸಿ ಬಣ್ಣ ನೋಡುತ್ತಾಳೆ. ಬಿಳಿಚಿದ್ದರೆ ಒಡೆಯನಿಗೆ ಅಲ್ಲೇ ಬೈಗುಳ. ಹೊಂಡದ ದಂಡೆಯಲ್ಲಿ ಹಸಿ ಹುಲ್ಲು ಮೇಯಿಸಬಾರದೆಂದು ಸುತ್ತಿನ ನಾಲ್ಕು ಹಳ್ಳಿಗೆ ಹೇಳಿದ್ದಾಳೆ. ಹೋದ ಸೋಮವಾರ ಆಸ್ಪತ್ರೆಗೆ ಬಂದು ನಾನೂರು ಕುರಿಗೆ ಔಷಧ ಬೇಕು ಅಂದಳು. ಅಷ್ಟು ಬಂದಿಲ್ಲ, ವಾರ ಬಿಟ್ಟು ಬನ್ನಿ ಅಂದೆ.

"ವಾರ ಬಿಟ್ಟು ಬರ್ರಿ ಅಂದ್ರ ಹುಳ ಕೇಳಬೇಕಲ್ಲೋ ತಮ್ಮ," ಅಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ನಾನು ಔಷಧ ಕಳಿಸಿ ಎನ್ನಲು ಗದಗಿನ ಜಿಲ್ಲಾ ಕಚೇರಿಗೆ ಫೋನ್ ಹಚ್ಚಿದೆ.